ಹಳೇ ದೋಣಿಗೆ ಹೊಸ ಪರೀಕ್ಷಕರು

ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತರಿಗೆ ದೋಣಿಯ ವಿಷಯದಲ್ಲಿದ್ದ ಜ್ಞಾನವೆಲ್ಲ ಕ್ಷೌರದಂಗಡಿಯಲ್ಲಿ ಸಂಪಾದಿಸಿದ್ದು. ಅದೂ ಅರ್ಧ.

ಒಂದು ಭಾನುವಾರ ಬೆಳಿಗ್ಗೆ ಅವರು ಅಂಗಡಿಯ ಬೆಂಚಿನ ಮೇಲೆ ತಮ್ಮ ಸರದಿ ಕಾಯುತ್ತ ಕುಳಿತಿದ್ದರು. ಕೈಗೆ ಹಳೆಯದೊಂದು ವಾರಪತ್ರಿಕೆ ಸಿಕ್ಕಿತು. ಮುಖಪುಟ ಉದುರಿಹೋಗಿತ್ತು. ಒಳಗೊಂದು ಪುಟದಲ್ಲಿ ‘ಹಳೆಯ ಮೋಟಾರ್ ದೋಣಿ ಕೊಳ್ಳುವ ಮುನ್ನ ಏನೇನು ನೋಡಬೇಕು?’ ಎಂಬ ಲೇಖನವಿತ್ತು. ದೋಣಿ ಕೊಳ್ಳುವ ಉದ್ದೇಶ ಗುಮಾಸ್ತರಿಗೆ ಈ ಜನ್ಮದಲ್ಲಿರಲಿಲ್ಲ. ನೀರೆಂದರೆ ಅದು ಬಕೆಟ್ಟಿನಲ್ಲಿರಬೇಕು, ಪಕ್ಕದಲ್ಲೊಂದು ಚೊಂಬಿರಬೇಕು ಎಂಬುದು ಅವರ ಸಿದ್ಧಾಂತ. ಆದರೆ ಅಚ್ಚಾದದ್ದನ್ನು ಓದದೆ ಬಿಡುವುದು ಅವರ ಜಾಯಮಾನವಲ್ಲ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನೂ ಕಡೆಯ ಸಾಲಿನವರೆಗೆ ಓದಿ, ಆಮೇಲೆ ಹೆದರಿ ಔಷಧವನ್ನೇ ಬಿಟ್ಟವರು ಅವರು.

ಕ್ಷೌರಿಕ ಆ ಪುಟವನ್ನು ಉದ್ದಕ್ಕೆ ಹರಿದು, ಬಲಭಾಗವನ್ನು ಕತ್ತಿಯ ನೊರೆ ಒರೆಸಲು ಬಳಸಿಬಿಟ್ಟಿದ್ದ. ಉಳಿದದ್ದು ಎಡಭಾಗ. ‘ದೋಣಿಯ ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಸದ್ದು ಬೊದ್ದೆಂದು ಬಂದರೆ’ ಅಷ್ಟೇ. ‘ಇಂಜಿನ್ನನ್ನು ಮುಟ್ಟಿ ನೋಡಿ. ನೀವು ಹೋಗುವ ಮೊದಲೇ ಬಿಸಿಯಾಗಿದ್ದರೆ’ ಅಷ್ಟೇ. ‘ಎಣ್ಣೆಯನ್ನು ಒಂದು ತೊಟ್ಟು ತೆಗೆದು ನೋಡಿ. ಹಾಲಿನಂತೆ ಬೆಳ್ಳಗಿದ್ದರೆ’ ಅಲ್ಲಿಗೆ ಅದೂ ಮುಗಿಯಿತು. ಹೀಗೆ, ದೋಣಿಯಲ್ಲಿ ಏನೇನು ನೋಡಬೇಕೆಂಬುದು ಗುಮಾಸ್ತರಿಗೆ ಪೂರ್ತಿ ತಿಳಿಯಿತು. ನೋಡಿದ ಮೇಲೆ ಏನಂದುಕೊಳ್ಳಬೇಕೆಂಬುದು ಮಾತ್ರ ತಿಳಿಯಲಿಲ್ಲ. ಇಷ್ಟೇ ಜ್ಞಾನದಿಂದ ದೊಡ್ಡ ದೊಡ್ಡ ಕಚೇರಿಗಳು ನಡೆಯುತ್ತಿರುವಾಗ ಅವರೊಬ್ಬರನ್ನು ದೂರುವುದು ನ್ಯಾಯವಲ್ಲ.

ಅದೇ ದಿನ ಮಧ್ಯಾಹ್ನ ಊಟಕ್ಕೆ ಬಾಮೈದ ಬಂದಿದ್ದ. ಹನ್ನೊಂದು ವರ್ಷ ಕಾರ್ಖಾನೆಯೊಂದರ ವ್ಯಾನು ಓಡಿಸಿದವನು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕುಳಿತು ಕುಳಿತು ಸೋತಿದ್ದ. ಊರಿನಂಚಿನಲ್ಲಿ ಹೊಳೆ ಸಮುದ್ರ ಸೇರುವ ಕಡೆ ನೀರು ಅಗಲವಾಗಿ ಹರಡಿತ್ತು. ಆಚೆ ದಡದಲ್ಲಿ ದೊಡ್ಡಾಸ್ಪತ್ರೆ, ಕಾಲೇಜು. ಸೇತುವೆ ಮಾತ್ರ ಎಲ್ಲೋ ಮೇಲೆ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಎರಡು ಬಸ್ಸು, ಮೂರು ಗಂಟೆ. ದೋಣಿಯಲ್ಲಾದರೆ ಎಂಟು ನಿಮಿಷ. ಒಂದು ಹಳೇ ಮೋಟಾರ್ ದೋಣಿ ತೆಗೆದುಕೊಂಡು ಜನರನ್ನು ದಾಟಿಸುವ ಕೆಲಸ ಮಾಡಬೇಕೆಂದು ಬಾಮೈದ ನಿರ್ಧರಿಸಿದ್ದ. ಕೈಯಲ್ಲಿದ್ದುದೆಲ್ಲ ಅದಕ್ಕೇ ಹೋಗುವುದಿತ್ತು. ದೋಣಿ ಕೈಕೊಟ್ಟರೆ ಎರಡನೆಯ ಸಲ ಯತ್ನಿಸಲು ಏನೂ ಉಳಿಯುತ್ತಿರಲಿಲ್ಲ.

“ನೀಲಿ ಬಣ್ಣದ್ದು ಒಂದು ನೋಡಿದೀನಿ ಅಕ್ಕ. ಫಳಫಳ ಅಂತಿದೆ. ನನಗಂತೂ ತುಂಬ ಇಷ್ಟ ಆಗಿಬಿಟ್ಟಿದೆ” ಎಂದ.

“ಹೆಣ್ಣು ನೋಡೋಕೆ ಹೋದ್ಯೋ ದೋಣಿ ನೋಡೋಕೆ ಹೋದ್ಯೋ?” ಎಂದರು ಮಾವ. ಅವರು ನಿವೃತ್ತ ಹೆಡ್‌ಮಾಸ್ಟರು. ಮಗಳ ಮನೆಯಲ್ಲಿಯೇ ಇದ್ದರು. ಕಿವಿ ಸ್ವಲ್ಪ ಮಂದ, ನಾಲಗೆ ಮಂದವಲ್ಲ. “ಗೊತ್ತಿರೋರು ಯಾರನ್ನಾದ್ರೂ ಕರ್ಕೊಂಡು ಹೋಗು. ನಮ್ಮ ಅಳಿಯಂದ್ರು ಇದ್ದಾರೆ, ಸರಿ. ಆದ್ರೆ ಅವ್ರಿಗೆ ಹುಟ್ಟಿದ್ದು, ಸತ್ತಿದ್ದು ಬಿಟ್ರೆ ನಡುವಿನದೇನೂ ಗೊತ್ತಿಲ್ಲ.”

ಗುಮಾಸ್ತರ ಕೈಯ ತುತ್ತು ನಿಂತಿತು. ಅವರು ತಟ್ಟೆಯನ್ನೇ ನೋಡುತ್ತ, “ಇಂಜಿನ್ನು ಮೊದ್ಲೇ ಬಿಸಿಯಾಗಿದೆಯಾ ಅಂತ ಮುಟ್ಟಿ ನೋಡ್ಬೇಕು” ಎಂದರು.

ಎಲ್ಲರೂ ಅವರತ್ತ ತಿರುಗಿದರು.

“ತಳ ತಟ್ಟಿ ನೋಡ್ಬೇಕು. ಇಂಜಿನ್ನು ತೂಗುಹಾಕೋ ಹಿಂದಿನ ಹಲಗೆ ಹಿಡಿದು ಅಲುಗಾಡಿಸ್ಬೇಕು. ಎಣ್ಣೆ ಒಂದು ತೊಟ್ಟು ತೆಗೀಬೇಕು. ಇಂಜಿನ್ನಿನ ಮೇಲಿರೋ ನಂಬರು ಕಾಗದದಲ್ಲಿರೋ ನಂಬರು ಎರಡೂ ಒಂದೇನಾ ನೋಡ್ಬೇಕು. ನೀಲಿ ಬಣ್ಣ ಯಾರು ಬೇಕಾದ್ರೂ ಬಳೀತಾರೆ.”

“ರೀ, ಇದೆಲ್ಲ ನಿಮಗೆ ಯಾವಾಗಿಂದ?” ಎಂದಳು ಹೆಂಡತಿ.

“ಭಾವ! ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ? ಮುಂದಿನ ಭಾನುವಾರ ನೀವೇ ಬರ್ಬೇಕು” ಎಂದ ಬಾಮೈದ.

ಆಗಲೇ ಗುಮಾಸ್ತರು ‘ಇಲ್ಲಪ್ಪ, ಅರ್ಧ ಪುಟ ಓದಿದ್ದು’ ಎಂದಿದ್ದರೆ ಮೊಸರನ್ನಕ್ಕೆ ವಿಷಯ ಮುಗಿಯುತ್ತಿತ್ತು. ಮಾವ ಅವರನ್ನೇ ನೋಡುತ್ತಿದ್ದರು. ಗುಮಾಸ್ತರು, “ಹೂಂ” ಎಂದರು.

ಭಾನುವಾರ ಬೆಳಿಗ್ಗೆ ಏಳಕ್ಕೇ ಇಬ್ಬರೂ ಜೆಟ್ಟಿಯಲ್ಲಿದ್ದರು. ಗುಮಾಸ್ತರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟಿದ್ದರು. ಜೇಬಿನಲ್ಲಿ ನೀಲಿಯದೊಂದು, ಕೆಂಪಿನದೊಂದು ಪೆನ್ನು. ಒಂದು ಕೈಯಲ್ಲಿ ಕ್ಯಾಲೆಂಡರಿನ ಮೊಳೆ ಹೊಡೆಯುವ ಸುತ್ತಿಗೆ, ಇನ್ನೊಂದರಲ್ಲಿ ಕೆಂಪು ಬಟ್ಟೆಯ ರಟ್ಟಿನ ರಿಜಿಸ್ಟರು. ಬರೆದುಕೊಳ್ಳಲು ಬೇರೆ ಪುಸ್ತಕ ಸಿಗದೆ ಕಚೇರಿಯ ಖಾಲಿ ರಿಜಿಸ್ಟರನ್ನೇ ತಂದಿದ್ದರು. ಅದರ ಮೇಲೆ ಅಂಗೈಯಗಲದ ಸರ್ಕಾರಿ ಮೊಹರು. ಮೊಬೈಲನ್ನು ನೀರಿಗೆ ಬಿದ್ದೀತೆಂದು ಮನೆಯಲ್ಲೇ ಬಿಟ್ಟಿದ್ದರು. ಅಂದರೆ ಅವರ ಮುಂಜಾಗ್ರತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ನೀಲಿ ದೋಣಿಯನ್ನು ದಡದ ಮೇಲಕ್ಕೆ ಎಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಲಾಗಿತ್ತು. ಅದರ ಮಾಲೀಕನ ಮೀಸೆ ದೋಣಿಗಿಂತ ಚೆನ್ನಾಗಿ ಎಣ್ಣೆ ಕಂಡಿತ್ತು. “ಬನ್ನಿ ಸಾರ್, ಬನ್ನಿ. ಮದುವೆ ಹೆಣ್ಣು ಇದ್ದಂಗಿದೆ. ನೋಡೋದೇನಿದೆ, ಕೈ ಹಿಡಿಯೋದೊಂದೇ ಬಾಕಿ” ಎಂದ.

ಗುಮಾಸ್ತರು ಇಂಜಿನ್ನಿನ ಮೇಲೆ ಅಂಗೈ ಇಟ್ಟರು. ಥಟ್ಟನೆ ತೆಗೆದರು. ರಿಜಿಸ್ಟರು ಬಿಡಿಸಿ ‘ಬಿಸಿ’ ಎಂದು ಬರೆದರು. ಬಿಸಿ ಒಳ್ಳೆಯದೋ ಕೆಟ್ಟದ್ದೋ ತಿಳಿಯದ್ದರಿಂದ, “ಹೂಂ” ಎಂದರು.

“ಬಿಸಿಲು ಸಾರ್” ಎಂದ ಮೀಸೆಯವನು.

ಬಿಸಿಲು ಇನ್ನೂ ಗೋದಾಮಿನ ಮಾಡಿನ ಆಚೆಗಿತ್ತು. ಗುಮಾಸ್ತರು ಅಭ್ಯಾಸಬಲದಿಂದ ಆಕಾಶ ನೋಡಿ, ಮತ್ತೆ “ಹೂಂ” ಎಂದರು.

“ಅಲ್ಲ ಸಾರ್… ಬೆಳಿಗ್ಗೆ ನಾನೇ ಒಂದ್ಸಲ ಸ್ಟಾರ್ಟ್ ಮಾಡಿ ಇಟ್ಟಿದ್ದೆ. ತಣ್ಣಗಿದ್ರೆ ಸ್ವಲ್ಪ ಹಠ ಮಾಡುತ್ತೆ.”

“ಎಷ್ಟು ಹೊತ್ತು ಹಠ ಮಾಡ್ತು?” ಎಂದ ಬಾಮೈದ.

“ಮುಕ್ಕಾಲು ಗಂಟೆ” ಎಂದು ಮೀಸೆಯವನು ಗುಮಾಸ್ತರ ಪೆನ್ನಿನ ತುದಿಗೆ ಹೇಳಿದ.

ಮುಂದೆ ಎಣ್ಣೆ. ಮೀಸೆಯವನು ತಿರುಪು ಸಡಿಲಿಸಿ ಒಂದು ತೊಟ್ಟನ್ನು ಅವರ ಬೆರಳಿಗೆ ಬಿಟ್ಟ. ಅದು ಹಾಲಿನಂತೆ ಬೆಳ್ಳಗಿತ್ತು. ಮನುಷ್ಯ ಬೆಳ್ಳಗಿರುವುದನ್ನು ನೋಡಿದಾಗ ಶುದ್ಧವೆಂದೇ ಭಾವಿಸುತ್ತಾನೆ. ಗುಮಾಸ್ತರು ತೃಪ್ತಿಯಿಂದ, “ಶುದ್ಧವಾಗಿದೆ” ಎಂದರು.

ಮೀಸೆಯವನ ಮುಖ ಇಳಿಯಿತು. ಇಷ್ಟು ಕಟುವಾದ ಕುಹಕವನ್ನು ಅವನು ಯಾವ ಗಿರಾಕಿಯಿಂದಲೂ ಕೇಳಿರಲಿಲ್ಲ. “ಹಂಗೆಲ್ಲ ಚುಚ್ಚಬೇಡಿ ಸಾರ್. ನೀರು ಸೇರಿದೆ, ನಿಜ. ಒಳಗೆ ನೀರು ತಡೆಯೋ ಸೀಲು ಹೋಗಿದೆ” ಎಂದ.

ಗುಮಾಸ್ತರು ಬೆರಳನ್ನು ಅಂಗಿಗೆ ಒರೆಸಿಕೊಂಡು, ‘ಶುದ್ಧ’ ಎಂದು ಬರೆದದ್ದನ್ನು ಹೊಡೆದುಹಾಕಿ ‘ಸೀಲು’ ಎಂದು ಬರೆದರು. ಆಮೇಲೆ ಸುತ್ತಿಗೆ ಹಿಡಿದು ತಳ ತಟ್ಟತೊಡಗಿದರು. ಟಣ್. ಟಣ್. ಟಣ್. ಹಿಂಭಾಗಕ್ಕೆ ಬಂದಾಗ ಬೊದ್. ಆ ಸದ್ದು ಅವರಿಗೆ ಮಾಗಿದ ಹಣ್ಣಿನ ಸದ್ದಿನಂತೆ ಹಿತವಾಗಿ ಕೇಳಿಸಿತು. ಮತ್ತೊಮ್ಮೆ ತಟ್ಟಿದರು. ಬೊದ್. ಅವರಿಗೆ ಗೊತ್ತಿಲ್ಲದೆಯೇ ಮುಖದಲ್ಲೊಂದು ನಗು ಮೂಡಿತು.

“ನಗಬೇಡಿ ಸಾರ್!” ಮೀಸೆಯವನು ದಿಮ್ಮಿಯ ಮೇಲೆ ಕುಸಿದ. “ಹಿಂದಿನ ಹಲಗೆ ಕೊಳೆತುಹೋಗಿದೆ. ಪುಟ್ಟಿ ಮೆತ್ತಿ ಬಣ್ಣ ಬಳಿದಿದೀನಿ. ಜೋರಾಗಿ ಓಡಿಸಿದ್ರೆ ಇಂಜಿನ್ನು ಹಲಗೆ ಸಮೇತ ಕಳಚ್ಕೊಂಡು ಹೋಗುತ್ತೆ. ಬ್ಯಾಟರೀನೂ ನಂದಲ್ಲ, ಪಕ್ಕದವನದು. ಬರ್ಕೊಳ್ಳಿ, ಎಲ್ಲ ಬರ್ಕೊಳ್ಳಿ. ಆದ್ರೆ ನಗ್ತಾ ಬರ್ಕೋಬೇಡಿ.”

ಬಾಮೈದ ಇಷ್ಟಪಟ್ಟಿದ್ದ ನೀಲಿಯ ಕಡೆ ಒಮ್ಮೆ ನೋಡಿದ. ಆಮೇಲೆ ಆ ಕಡೆ ತಿರುಗಲೇ ಇಲ್ಲ.

ಕಥೆ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಜೆಟ್ಟಿಯ ಕಾವಲುಗಾರ ತನ್ನ ಗೂಡಿನಿಂದ ಇದನ್ನೆಲ್ಲ ನೋಡುತ್ತಿದ್ದ. ಬಿಳಿ ಶರ್ಟು, ಕೆಂಪು ಪೆನ್ನು, ಸರ್ಕಾರಿ ಮೊಹರು, ಎದುರಿಗೆ ತಲೆ ಹಿಡಿದು ಕುಳಿತ ದೋಣಿಯವನು. ಇಷ್ಟು ಸಾಕ್ಷ್ಯ ಸಿಕ್ಕರೆ ಯಾವ ನ್ಯಾಯಾಲಯವೂ ತೀರ್ಪು ಕೊಡುತ್ತದೆ. ಅವನು ದೋಣಿಯವರಿಗೆಲ್ಲ ಫೋನು ಮಾಡಿ, “ದೋಣಿ ಇನ್‌ಸ್ಪೆಕ್ಟರ್ ಬಂದಿದ್ದಾರೆ. ಹಿಂದಿನೋರ ಥರ ಅಲ್ಲ, ಕೈಯಲ್ಲಿ ಸುತ್ತಿಗೆ ಇದೆ. ನಿನಗೊಬ್ಬನಿಗೇ ಹೇಳ್ತಿರೋದು, ಯಾರಿಗೂ ಹೇಳ್ಬೇಡ” ಎಂದ. ಹೀಗೆ ಒಬ್ಬೊಬ್ಬನಿಗೇ ಹೇಳುತ್ತ ಹತ್ತು ಜನರಿಗೆ ಹೇಳಿ ಮುಗಿಸಿದ.

ಕಾಲು ಗಂಟೆಯಲ್ಲಿ ಜೆಟ್ಟಿ ತುಂಬಿತು. “ಸಾಹೇಬ್ರೇ, ನಮ್ದೂ ನೋಡಿಬಿಡಿ. ಹೆಂಗೂ ಬಂದಿದೀರಿ” ಎಂದು ಒಬ್ಬ ಕೈ ಮುಗಿದ. ಗುಮಾಸ್ತರನ್ನು ಯಾರೂ ಇದುವರೆಗೆ ಸಾಹೇಬರೆಂದಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ಇದನ್ನು ಒಪ್ಪಲೇಬೇಕು. ನಿಜ ಹೇಳುವ ಅವಕಾಶ ಹತ್ತು ಸಲ ಬಂತು, ಹತ್ತು ಸಲವೂ ಬೇರೆ ಯಾರಾದರೂ ಮೊದಲು ಮಾತಾಡಿಬಿಟ್ಟರು, ಅಷ್ಟೇ.

“ಭಾವ, ಮನೆಗೆ ಹೋಗೋಣ” ಎಂದು ಬಾಮೈದ ತೋಳು ಎಳೆದ.

“ಇರು, ಪಾಪ, ಕರೀತಿದ್ದಾರೆ” ಎಂದರು ಗುಮಾಸ್ತರು.

ಅವರು ತಟ್ಟುತ್ತ ಹೋದರು, ಹೂಂಗುಡುತ್ತ ಹೋದರು. ಪ್ರತಿ ಹೂಂಕಾರಕ್ಕೂ ಒಂದೊಂದು ತಪ್ಪೊಪ್ಪಿಗೆ ಉದುರಿತು. ಒಬ್ಬನ ಇಂಜಿನ್ನಿನ ನಂಬರನ್ನು ಅರದಿಂದ ಉಜ್ಜಿ ಅಳಿಸಲಾಗಿತ್ತು. ಇನ್ನೊಬ್ಬ ತಳದ ಬಿರುಕಿಗೆ ಚ್ಯೂಯಿಂಗ್ ಗಮ್ ಅಂಟಿಸಿ ಆರು ತಿಂಗಳಿಂದ ಜನರನ್ನು ದಾಟಿಸುತ್ತಿದ್ದ. ಅಗಿದದ್ದು ತಾನೇ ಎಂದೂ ಸೇರಿಸಿದ. ಮೂರನೆಯವನ ಚುಕ್ಕಾಣಿ ಎಡಕ್ಕೆ ಮಾತ್ರ ತಿರುಗುತ್ತಿತ್ತು. “ಬಲಕ್ಕೆ ಹೋಗ್ಬೇಕು ಅಂದ್ರೆ?” ಎಂದು ಬಾಮೈದ ಗಾಬರಿಯಿಂದ ಕೇಳಿದ. “ಎಡಕ್ಕೇ ಪೂರ್ತಿ ಒಂದು ಸುತ್ತು ಹೊಡೀತೀವಿ” ಎಂದು ಅವನು ಶಾಂತವಾಗಿ ಹೇಳಿದ. ಪ್ರತಿ ದೋಣಿಯಲ್ಲೂ ಸರಿಯಾಗಿ ಎಂಟೆಂಟು ಲೈಫ್ ಜಾಕೆಟ್ಟುಗಳಿದ್ದವು. ಗುಮಾಸ್ತರು ಇದನ್ನು ಮೆಚ್ಚುಗೆಯಿಂದ ಬರೆದುಕೊಂಡರು. ಐದನೆಯ ದೋಣಿಗೆ ಬಂದಾಗ, ಎಲ್ಲ ಕಡೆಯೂ ಮೂರನೆಯ ಜಾಕೆಟ್ಟಿಗೆ ಒಂದೇ ಜಾಗದಲ್ಲಿ ಒಂದೇ ಆಕಾರದ ಟಾರಿನ ಕಲೆಯಿರುವುದು ಕಂಡಿತು. ಜೆಟ್ಟಿಯಲ್ಲಿದ್ದುದೇ ಎಂಟು ಜಾಕೆಟ್ಟು. ಅವು ಅವರಿಗಿಂತ ಒಂದು ದೋಣಿ ಮುಂದೆ ಓಡುತ್ತಿದ್ದವು. ಅವರು ಕಲೆಯ ಮೇಲೆ ಬೆರಳಿಟ್ಟರು. ಜಾಕೆಟ್ಟು ಹೊತ್ತು ಓಡಿ ಓಡಿ ಏದುತ್ತಿದ್ದವನು ಅಲ್ಲೇ ಕುಳಿತುಬಿಟ್ಟ.

ಕೊನೆಯ ದೋಣಿ ಸಾಲಿನ ತುದಿಯಲ್ಲಿ ಕಟ್ಟಿತ್ತು. ಬಣ್ಣ ಮಾಸಿತ್ತು. ಒಳಗೆ ಖಾಲಿ ತರಕಾರಿ ಬುಟ್ಟಿಗಳ ನಡುವೆ ಒಬ್ಬ ಅಜ್ಜಿ ಕುಳಿತು ಹಗ್ಗದ ತುದಿ ಹೆಣೆಯುತ್ತಿದ್ದಳು. ಗುಮಾಸ್ತರು ತಟ್ಟಿದರು. ಟಣ್. ಟಣ್. ಇಂಜಿನ್ನು ಮುಟ್ಟಿದರು, ತಣ್ಣಗಿತ್ತು. ಎದ್ದು ನಿಂತು, “ಹೂಂ” ಎಂದರು.

“ಏನು ಹೂಂ?” ಎಂದಳು ಅಜ್ಜಿ.

ಗುಮಾಸ್ತರು ತಬ್ಬಿಬ್ಬಾದರು. ಅಲ್ಲಿಯವರೆಗೆ ಯಾರೂ ಹೂಂಕಾರಕ್ಕೆ ಅರ್ಥ ಕೇಳಿರಲಿಲ್ಲ. “ಹಾಗಲ್ಲ… ಸುಮ್ನೆ, ಹೂಂ…”

“ಸುಮ್ನೆ ಹೂಂ ಅನ್ನೋಕೆ ಇದೇನು ಕಥೆ ಕೇಳೋ ಹೊತ್ತಾ? ಇಪ್ಪತ್ತಾರು ವರ್ಷದ ದೋಣಿ. ಇಂಜಿನ್ನು ಎರಡನೇದು. ಎಡಗಡೆ ತಳ ಬಂಡೆಗೆ ಉಜ್ಜಿತ್ತು, ಪಕ್ಕದಲ್ಲಿ ಕೂತು ತೇಪೆ ಹಾಕಿಸಿದೀನಿ. ತೇಪೆ ಕಾಣಿಸ್ತಿದೆ, ಬಣ್ಣ ಬಳಿದು ಮುಚ್ಚಿಲ್ಲ. ಎಣ್ಣೆ ನೋಡ್ತೀಯಾ, ನೋಡು. ಕಾಗದ ಬೇಕಾ, ಆ ಡಬ್ಬೀಲಿದೆ. ಇನ್ನೇನಾದ್ರೂ ಕಂಡ್ರೆ ಬಾಯಿಬಿಟ್ಟು ಹೇಳಪ್ಪ, ರಿಪೇರಿ ಮಾಡಿಸ್ತೀನಿ.”

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆ ಪುಟ ಖಾಲಿ ಉಳಿಯಿತು.

ಅಷ್ಟರಲ್ಲಿ ಸ್ಕೂಟರಿನ ಸದ್ದಾಯಿತು. ಸಮವಸ್ತ್ರ ತೊಟ್ಟ ಹೆಂಗಸೊಬ್ಬರು ಇಳಿದು ಬಂದರು. ನಿಜವಾದ ದೋಣಿ ಇನ್‌ಸ್ಪೆಕ್ಟರ್ ಅವರೇ. ಮನೆಯಲ್ಲಿ ಟೀ ಕುಡಿಯುತ್ತಿದ್ದವರಿಗೆ ಯಾರೋ ಫೋನು ಮಾಡಿ, ‘ಮೇಡಂ, ಜೆಟ್ಟಿಗೆ ಇನ್‌ಸ್ಪೆಕ್ಟರ್ ಬಂದಿದ್ದಾರೆ, ಸ್ವಲ್ಪ ಹೇಳಿ ಬಿಡಿಸಿ’ ಎಂದು ಅಂಗಲಾಚಿದ್ದ.

“ನಾನು ಮನೇಲಿ ಟೀ ಕುಡೀತಿದೀನಿ, ಇಲ್ಲಿ ಹೇಗೆ ಬಂದೆ ಅಂತ ನೋಡೋಣ ಅಂತ ಬಂದೆ. ಯಾರ್ರೀ ನಾನು?” ಎಂದರು.

ಎಲ್ಲ ಬೆರಳುಗಳೂ ಗುಮಾಸ್ತರತ್ತ ತಿರುಗಿದವು. ಗುಮಾಸ್ತರ ಕೈಯಿಂದ ಸುತ್ತಿಗೆ ಜಾರಿ ಅವರದೇ ಕಾಲ ಮೇಲೆ ಬಿತ್ತು. ಅವರು ಅದನ್ನೂ ಗಮನಿಸಲಿಲ್ಲ. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಅಧಿಕಾರಿಯ ವೇಷ ಹಾಕಿದವನ ಕೆಲಸ ಉಳಿಯುವುದಿಲ್ಲ ಎಂಬ ಸುತ್ತೋಲೆಯನ್ನು ಕಡತಕ್ಕೆ ಸೇರಿಸಿದ್ದು ಅವರೇ.

ಇನ್‌ಸ್ಪೆಕ್ಟರ್ ರಿಜಿಸ್ಟರು ಕಿತ್ತುಕೊಂಡು ಮೊಹರು ಓದಿದರು. “ಜನನ ಮರಣ?”

ದೋಣಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಇಲಾಖೆ ಇಷ್ಟು ಮುಂದಾಲೋಚನೆಯಿಂದ ಯಾರನ್ನಾದರೂ ಕಳಿಸುತ್ತದೆಂದು ಅವರು ಎಣಿಸಿರಲಿಲ್ಲ.

“ಇವ್ರು ತಾವು ಇನ್‌ಸ್ಪೆಕ್ಟರ್ ಅಂತ ಹೇಳಿದ್ರಾ?”

“ಇಲ್ಲ ಮೇಡಂ” ಎಂದ ಕಾವಲುಗಾರ. “ಹೂಂ ಅಂದ್ರು.”

“ಏನಾದ್ರೂ ಕೇಳಿದ್ರಾ? ಹೆದರಿಸಿದ್ರಾ?”

“ಇಲ್ಲ ಮೇಡಂ. ನಾವೇ ಹೇಳ್ಬಿಟ್ವಿ” ಎಂದ ಮೀಸೆಯವನು. ಅವನ ದನಿಯಲ್ಲಿ ವಿಷಾದವಿತ್ತು.

ಇನ್‌ಸ್ಪೆಕ್ಟರ್ ಪುಟ ತಿರುವಿದರು. ಕೊಳೆತ ಹಲಗೆ. ಅಳಿಸಿದ ನಂಬರು. ಚ್ಯೂಯಿಂಗ್ ಗಮ್. ಎಡಕ್ಕೇ ತಿರುಗುವ ಚುಕ್ಕಾಣಿ. ಓಡುವ ಜಾಕೆಟ್ಟುಗಳು. ಮೂರು ವರ್ಷ ಬಂದು ಹೋಗಿ ಮಾಡಿದರೂ ಅವರಿಗೆ ಇದರಲ್ಲಿ ಕಾಲುಭಾಗವೂ ಸಿಕ್ಕಿರಲಿಲ್ಲ. ಓದಿ ಮುಗಿಸಿದಾಗ ಅವರ ಮುಖ ಬೆಳ್ಳಗಾಗಿತ್ತು. “ಇದ್ರಲ್ಲಿ ದಿನಾ ಎಷ್ಟು ಜನ ದಾಟ್ತಾರೆ ಗೊತ್ತಾ ನಿಮಗೆ?” ಎಂದು ಮೆಲ್ಲಗೆ ಕೇಳಿದರು.

ಅವರು ಅಜ್ಜಿಯನ್ನು ಬಿಟ್ಟು ಉಳಿದ ಹತ್ತೂ ಮಂದಿಯಿಂದ ಅವರವರ ಪುಟದ ಕೆಳಗೆ ರುಜು ಹಾಕಿಸಿದರು. ರಿಪೇರಿ ಆಗುವವರೆಗೆ ಆ ಹತ್ತು ದೋಣಿಗಳೂ ಇದ್ದಲ್ಲೇ ಇರಬೇಕೆಂದರು. ಆಮೇಲೆ ಗುಮಾಸ್ತರತ್ತ ತಿರುಗಿ, “ಹೂಂ ಅನ್ನೋದಕ್ಕೆ ಯಾವ ಕಾನೂನಲ್ಲೂ ಕಲಂ ಇಲ್ಲ. ಅದಕ್ಕೆ ನೀವು ಬಚಾವು. ಇನ್ನೊಂದ್ಸಲ ಈ ಜೆಟ್ಟೀಲಿ ಸುತ್ತಿಗೆ ಹಿಡ್ಕೊಂಡು ಕಂಡ್ರೆ ಹೊಸ ಕಲಂ ಬರೆಸ್ತೀನಿ” ಎಂದರು.

ಗುಮಾಸ್ತರು ಬಾಯಿ ತೆರೆದರು. ಅಭ್ಯಾಸದಂತೆ ಬರಲಿದ್ದುದನ್ನು ಬಲವಂತವಾಗಿ ನುಂಗಿ, “ಆಗ್ಲಿ ಮೇಡಂ” ಎಂದರು.

ಜನ ಚದುರಿದ ಮೇಲೆ ಬಾಮೈದ ಅಜ್ಜಿಯ ದೋಣಿಯ ಹತ್ತಿರ ಹೋಗಿ ನಿಂತ. “ಅಜ್ಜಿ, ಇದನ್ನ ಕೊಡ್ತೀರಾ?”

ಅಜ್ಜಿ ಹಗ್ಗ ಕೆಳಗಿಟ್ಟಳು. ಮಂಡಿ ನೋವು, ಹತ್ತೋದು ಇಳಿಯೋದು ಕಷ್ಟ, ಮಗಳು ಸಾಕು ಬಿಡು ಅಂತ ವರ್ಷದಿಂದ ಹೇಳುತ್ತಿದ್ದಾಳೆ ಎಂದಳು. “ಕೊಡ್ತೀನಿ. ಆದ್ರೆ ತಿಂಗಳ ಕಾಲ ನಾನೂ ಮುಂದೆ ಕೂತಿರ್ತೀನಿ. ಮರಳು ದಿಬ್ಬ ಎಲ್ಲೆಲ್ಲಿದೆ ಅಂತ ತೋರಿಸ್ಬೇಕು. ಮತ್ತೆ ಕಟ್ಟಿಹಾಕಿ ನೋಡಿದ್ರೆ ದೋಣಿ ಗೊತ್ತಾಗಲ್ಲ, ನೀರಿನ ಮೇಲೆ ನೋಡ್ಬೇಕು. ಹತ್ತು. ಈ ಹೂಂ ಅನ್ನೋರೂ ಹತ್ಲಿ.”

“ನಾನು ಇಲ್ಲಿಂದ್ಲೇ ನೋಡ್ತೀನಿ” ಎಂದರು ಗುಮಾಸ್ತರು.

“ಹತ್ತು ದೋಣಿ ತಟ್ಟಿದೀಯ. ಒಂದರಲ್ಲಾದ್ರೂ ಕೂರು.”

ಗುಮಾಸ್ತರು ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ಟು ತೊಟ್ಟು ಕುಳಿತರು. ಇಂಜಿನ್ನು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಬಾಮೈದ ಚುಕ್ಕಾಣಿ ಹಿಡಿದ. ಗುಮಾಸ್ತರು ಕಣ್ಣು ಮುಚ್ಚಿಕೊಂಡಿದ್ದರಿಂದ ಮುಂದಿನ ನಾಲ್ಕು ನಿಮಿಷದ ವರ್ಣನೆ ಲಭ್ಯವಿಲ್ಲ. ನಡುನೀರಿನಲ್ಲಿ ಇಂಜಿನ್ನಿನ ಸದ್ದು ಫಕ್ಕನೆ ನಿಂತಿತು.

“ಮುಳುಗಿದ್ವಿ!” ಎಂದು ಗುಮಾಸ್ತರು ಬುಟ್ಟಿಯೊಂದನ್ನು ತಬ್ಬಿಕೊಂಡರು. “ನನ್ನಿಂದ್ಲೇ ಆಗಿದ್ದು ಕಣೋ! ನಂಗೆ ದೋಣಿ ವಿಷ್ಯ ಏನೂ ಗೊತ್ತಿಲ್ಲ. ಒಂದು ಹರಿದ ಪೇಪರು ಓದಿದ್ದೆ, ಅಷ್ಟೇ!”

“ಗೊತ್ತು ಭಾವ” ಎಂದ ಬಾಮೈದ. “ಬಿಳೀ ಎಣ್ಣೆ ನೋಡಿ ಶುದ್ಧವಾಗಿದೆ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು. ಆದ್ರೆ ನೀವು ಬರ್ದೇ ಇದ್ದಿದ್ರೆ ನಾನು ಆ ನೀಲೀದನ್ನ ತಗೊಂಡುಬಿಡ್ತಿದ್ದೆ.”

“ಕಿರುಚಬೇಡ್ರಪ್ಪ. ನಾನೇ ನಿಲ್ಲಿಸಿದ್ದು” ಎಂದಳು ಅಜ್ಜಿ. “ಬಿಸಿಯಾದ್ಮೇಲೆ ಮತ್ತೆ ಹೊತ್ಕೊಳ್ಳುತ್ತಾ ಅಂತ ನೋಡ್ಬೇಡ್ವಾ?” ಹಗ್ಗ ಎಳೆದಳು. ಹೊತ್ತಿಕೊಂಡಿತು.

ಎಂಟನೆಯ ನಿಮಿಷಕ್ಕೆ ಆಚೆ ದಡ. ಗುಮಾಸ್ತರು ಇಳಿದು, ನೆಲವನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿ, ಎರಡೂ ಜಾಕೆಟ್ಟು ಬಿಚ್ಚಿಕೊಟ್ಟರು. “ದೋಣಿ ಚೆನ್ನಾಗಿದೆ, ತಗೋ. ನಾನು ಬಸ್ಸಲ್ಲಿ ಬರ್ತೀನಿ.”

“ಭಾವ, ಮೂರು ಗಂಟೆ ಆಗುತ್ತೆ.”

“ಆಗ್ಲಿ.”

ಬಾಮೈದ ಅಜ್ಜಿಯೊಡನೆ ಮಧ್ಯಾಹ್ನದವರೆಗೆ ದಿಬ್ಬಗಳನ್ನು ಸುತ್ತಿ, ಮಾತುಕತೆ ಮುಗಿಸಿ, ಮೂರು ಗಂಟೆಗೆ ಅಕ್ಕನ ಮನೆಯ ಬೀದಿ ತಲುಪಿದ. ಭಾವ ಇನ್ನೂ ಬಂದಿರಲಿಲ್ಲ. ಭಾನುವಾರವಾದ್ದರಿಂದ ಬಸ್ಸುಗಳು ತಮಗೆ ತೋಚಿದಾಗ ಹೊರಡುತ್ತಿದ್ದವು. ಬೀದಿಯ ತುದಿಯಿಂದ, ಅಕ್ಕ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿರುವುದು ಕಂಡೊಡನೆ ಅವನು ಸಂತೋಷ ತಡೆಯಲಾರದೆ ಅಲ್ಲಿಂದಲೇ ಕೂಗಿದ.

“ಅಕ್ಕಾ! ಕ್ಷೇಮವಾಗಿ ಆಯ್ತು! ಭಾವ ಆ ದಡ ಸೇರಿಬಿಟ್ರು!”

ಎದುರು ಮನೆಯಾಕೆ ಕಿಟಕಿಯಲ್ಲಿದ್ದಳು. ಮಿಕ್ಸಿಯ ಸದ್ದಿನಲ್ಲಿ ಮೊದಲ ಮಾತು ಅವಳಿಗೆ ಕೇಳಿಸಲಿಲ್ಲ. ಎರಡನೆಯದು ಸ್ಪಷ್ಟವಾಗಿ ಕೇಳಿಸಿತು. ಮಿಕ್ಸಿ ಆರಿಸಿ ಓಡಿ ಬಂದಳು. “ಯಾವಾಗ? ಹೇಗೆ?”

“ದೋಣೀಲಿ ಹೋದ್ರಂತೆ” ಎಂದಳು ಅಷ್ಟರಲ್ಲಿ ತಮ್ಮನಿಂದ ಎಲ್ಲ ಕೇಳಿಕೊಂಡಿದ್ದ ಗುಮಾಸ್ತರ ಹೆಂಡತಿ, ಬಟ್ಟೆ ಮಡಚುತ್ತ. “ಬಸ್ಸಲ್ಲಿ ಬರ್ತಾರಂತೆ.”

ಎದುರು ಮನೆಯಾಕೆ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡಳು. “ನೀವು ಕೂತ್ಕೊಳ್ಳಿ” ಎಂದಳು. ಹೊರಗೆ ಬಂದು ಮಿಕ್ಕವರಿಗೆ, “ಪಾಪ, ತಲೆ ನಿಂತಿಲ್ಲ. ಬಸ್ಸಲ್ಲಿ ಬರ್ತಾರೆ ಅಂತಾಳೆ” ಎಂದಳು.

ಅರ್ಧ ಗಂಟೆಯಲ್ಲಿ ಬೀದಿಯವರೆಲ್ಲ ತಮ್ಮ ತಮ್ಮ ಮನೆಯ ಕುರ್ಚಿ ಹೊತ್ತು ಅಂಗಳಕ್ಕೆ ಬಂದರು. ಹೆಂಡತಿ ಒಬ್ಬೊಬ್ಬರಿಗೂ ಬಸ್ಸಿನ ವಿಷಯ ವಿವರಿಸಿದಳು. ವಿವರಿಸಿದಷ್ಟೂ ಜನ ಕಣ್ಣೊರೆಸಿಕೊಂಡರು. ಬಾಮೈದ, “ಅಯ್ಯೋ, ನಾನೇ ಇಳಿಸಿ ಬಂದೆ ಕಣ್ರೀ!” ಎಂದ. “ನಿನ್ನ ತಪ್ಪೇನಿಲ್ಲಪ್ಪ” ಎಂದು ಒಬ್ಬರು ಅವನ ಬೆನ್ನು ಸವರಿದರು. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ಮಾವ, ಅಂಗಳ ತುಂಬ ಜನ ಕಂಡು, ಪಕ್ಕದವರು ಕಿವಿಯಲ್ಲಿ ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಂಡು, ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. “ಈ ಮನೇಲಿ ನನ್ನ ಮಾತನ್ನ ಪೂರ್ತಿ ಕೇಳ್ತಿದ್ದೋರು ಅಂದ್ರೆ ಅವರೊಬ್ರೇ” ಎಂದರು.

ಐದು ಗಂಟೆಗೆ ಕಚೇರಿಯ ಹೆಡ್ ಗುಮಾಸ್ತರು ಬಂದರು. ಕೈಯಲ್ಲೊಂದು ಫಾರಂ. “ನಮ್ಮೋರ ಮನೆಯೋರು ಬಂದು ಕ್ಯೂ ನಿಲ್ಲೋದು ಬೇಡ ಅಂತ ನಾನೇ ತಂದೆ ತಾಯಿ. ಎಲ್ಲ ತುಂಬಿದೀನಿ. ಸ್ಥಳ ಅನ್ನೋ ಕಡೆ ಮಾತ್ರ ನೀರು ಅಂತ ಬರೀಲಾ, ದೋಣಿ ಅಂತ ಬರೀಲಾ?”

“ಬಸ್ಸು ಅಂತ ಬರೀರಿ” ಎಂದಳು ಹೆಂಡತಿ. ಅವಳಿಗೆ ಸಾಕಾಗಿತ್ತು.

ಹೆಡ್ ಗುಮಾಸ್ತರು ಬರೆದರು.

ಐದೂಮುಕ್ಕಾಲಿಗೆ ಗುಮಾಸ್ತರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಕುಂಟುತ್ತ ನಡೆದು ಬಂದು, ತಮ್ಮ ಅಂಗಳದ ಜನರ ಹಿಂದೆ ನಿಂತು, ಕತ್ತು ಉದ್ದ ಮಾಡಿ ನೋಡಿದರು. ಮುಂದಿನ ಕುರ್ಚಿಯಲ್ಲಿದ್ದವರ ಭುಜ ತಟ್ಟಿ, “ಏನ್ ವಿಷ್ಯ?” ಎಂದರು.

“ಈ ಮನೆಯೋರು ಹೋಗ್ಬಿಟ್ರಂತೆ” ಎಂದರು ಅವರು ತಿರುಗದೆಯೇ. “ಒಳ್ಳೇ ಮನುಷ್ಯ. ಒಂದು ದಿನ ಯಾರಿಗೂ ಎದುರು ಮಾತಾಡ್ಲಿಲ್ಲ.”

“ಯಾರು, ನಮ್ಮ ಮಾವನಾ?” ಎಂದು ಗುಮಾಸ್ತರು ಕೂಗಿಕೊಂಡರು.

ಮೆಟ್ಟಿಲ ಮೇಲಿದ್ದ ಮಾವ ತಲೆಯೆತ್ತಿದರು. ಕುರ್ಚಿಯಲ್ಲಿದ್ದವರು ತಿರುಗಿದರು. ಆಮೇಲೆ ಅಂಗಳದಲ್ಲಿ ಎದ್ದ ಸದ್ದನ್ನು ಎದುರು ಮನೆಯಾಕೆ ಈಗಲೂ ತಾನು ಕಿರುಚಿದ್ದಲ್ಲವೆಂದೇ ವಾದಿಸುತ್ತಾಳೆ. ಮಾವ ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡರು. ಹೆಡ್ ಗುಮಾಸ್ತರು ಮಾತ್ರ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮೊದ್ಲೇ ಹೇಳ್ಬಾರ್ದಾ? ಇಂಕಲ್ಲಿ ಬರ್ದುಬಿಟ್ಟಿದೀನಿ” ಎಂದರು.

ಹೆಂಡತಿ ಜನರನ್ನು ಸರಿಸಿಕೊಂಡು ಬಂದು ಗಂಡನ ಎದುರು ನಿಂತಳು. ಎಣ್ಣೆಯ ಕಲೆಯ ಶರ್ಟು, ಊದಿದ ಕಾಲ್ಬೆರಳು, ಧೂಳು ಹಿಡಿದ ಮುಖ, ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದಳು.

“ಬಸ್ಸಲ್ಲಿ ಸೀಟು ಸಿಕ್ತಾ?”

“ಎರಡ್ರಲ್ಲೂ ಇಲ್ಲ. ನಿಂತೇ ಬಂದೆ.”

ಅವಳು ಅಂಗಳದ ಕಡೆ ತಿರುಗಿದಳು. ಅಷ್ಟೂ ಕುರ್ಚಿ, ಅಷ್ಟೂ ಜನ. ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಮಧ್ಯಾಹ್ನದಿಂದ ಮೆಲುದನಿಯಲ್ಲೇ ಮಾತಾಡುತ್ತಿದ್ದವಳು ಈಗ ಬೀದಿಯ ಕೊನೆಯವರೆಗೆ ಕೇಳುವಂತೆ, “ಏಳ್ರೀ ಎಲ್ಲಾ! ಮನುಷ್ಯ ಅಷ್ಟು ದೂರದಿಂದ ನಿಂತ್ಕೊಂಡು ಬಂದಿದ್ದಾರೆ!” ಎಂದಳು.

ಹೆಡ್ ಗುಮಾಸ್ತರೂ ಸೇರಿದಂತೆ ಸಂತಾಪಕ್ಕೆ ಬಂದವರೆಲ್ಲ ಒಮ್ಮೆಲೇ ಎದ್ದು, ತಲೆ ತಗ್ಗಿಸಿ, ಮೌನವಾಗಿ ನಿಂತರು.

ಗುಮಾಸ್ತರೊಬ್ಬರು ಕುಳಿತರು.